ಬೀಡಿ ಕಟ್ಟುವ ಕೈಗೂ ಲೆಕ್ಕ ಐತಿ

ನಿಪ್ಪಾಣಿ ತಂಬಾಕಿನ ಊರು. ನಮ್ಮ ಅವ್ವಂದಿರು ಮನೆಯಾಗ ಕುಂತು ಬೀಡಿ ಕಟ್ಟಿದರು. "ಅವಳು ನಮ್ಮ ಆಳಲ್ಲ, ಗುತ್ತಿಗೆದಾರನನ್ನ ಕೇಳ್ರಿ" ಅಂತ ಮಾಲೀಕರು ಕೈ ತೊಳಕೊಂಡರು. 1966ರ ಬೀಡಿ-ಸಿಗಾರ್ ಕಾಯ್ದೆ ಆ ದಾರಿ ಮುಚ್ಚಿತು. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಇಲ್ಲವೆ ಪಗಾರ ಕೊಡದೆ ತೆಗೆಯಬಾರದು ಎಂದಿತು ಅದರ 31ನೇ ಕಲಮು. ಮಾಲೀಕರು ಕೋರ್ಟು ಹತ್ತಿದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆದರೆ ಪುಸ್ತಕದಾಗ ಹೆಸರೇ ಇಲ್ಲದಿದ್ದರೆ ಆರು ತಿಂಗಳು ದುಡಿದದ್ದಕ್ಕೆ ಸಾಕ್ಷಿ ಏನು? 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಕಾನೂನಿನ ಹೆಸರು ಬದಲಾದರೂ ಸಾಕ್ಷಿ ಕೇಳುವುದು ಬದಲಾಗೋದಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಾಸ್ಟೆಲಿನ ಹುಡುಗರೇ, ರಜೆಗೆ ಹೋದಾಗ ಅವ್ವನ ಲಾಗ್‌ಬುಕ್ ಓದಿರಿ. ದಿನ, ಎಣಿಕೆ, ಕೂಲಿ ನೀವೇ ಬರೆದಿಡಿ. ನಿಮ್ಮ ಅಕ್ಷರ ಮೊದಲು ಅಲ್ಲಿ ದುಡಿಯಲಿ.