ಬರ ಪರಿಹಾರ ಯಾರಪ್ಪನ ಭಿಕ್ಷೆಯೂ ಅಲ್ಲ



ಈ ಸಭೆಯಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ದುಡಿಮೆಗೆಂದು ನಗರಕ್ಕೆ ಬಂದವರಿದ್ದೀರಿ. ಇಲ್ಲೇ ಹುಟ್ಟಿ ಬೆಳೆದವರೂ ಇದ್ದೀರಿ. ಇಬ್ಬರ ಮುಂದೆಯೂ ಇಂದು ಒಂದು ಲೆಕ್ಕ ಇಡುತ್ತೇನೆ.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಚಳ್ಳಕೆರೆಯೂ ಒಂದು. ಶೇಂಗಾ ಬಿತ್ತಿ ಮುಗಿಲು ನೋಡುವುದೇ ಅಲ್ಲಿಯ ಒಕ್ಕಲುತನ. 2023ರಲ್ಲಿ ಆ ಮುಗಿಲೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಈ ಎರಡೂ ಅದರಲ್ಲಿದ್ದವು. ಕರ್ನಾಟಕ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಳು ಉರುಳಿದವು, ಹಣ ಬರಲಿಲ್ಲ. ಜನವರಿಯಲ್ಲಿ ರಾಜ್ಯವೇ ರೈತನಿಗೆ ಮೊದಲ ಕಂತೆಂದು ಗರಿಷ್ಠ 2,000 ರೂಪಾಯಿ ಕೊಡತೊಡಗಿತು. 2024ರ ಮಾರ್ಚ್‌ನಲ್ಲಿ ನಮ್ಮ ನಾಡು ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಬೇಕಾಯಿತು. ಆಮೇಲೆ, ಏಪ್ರಿಲ್ ಕೊನೆಗೆ ಮಂಜೂರಾದದ್ದು 3,454 ಕೋಟಿ. ತೆರಿಗೆ ಕಟ್ಟುವಾಗ ಮುಂದಿನ ಸಾಲು, ಪರಿಹಾರ ಕೇಳುವಾಗ ಕೋರ್ಟಿನ ಕಟಕಟೆ! ಇದೆಂಥ ನ್ಯಾಯ?

ಈಗ ಹೊಲದ ಲೆಕ್ಕಕ್ಕೆ ಬನ್ನಿ. ಆ ಬರಕ್ಕೆ ಅನ್ವಯವಾದ ನಿಯಮದಂತೆ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ ಸುಮಾರು 3,440. ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಬೀಜ, ಗೊಬ್ಬರ, ಬೇಸಾಯ, ಕಳೆ ಕೀಳುವ ಕೂಲಿ ಎಲ್ಲವನ್ನೂ ಕಳೆದುಕೊಂಡವನಿಗೆ ಇದು ಯಾವ ಮೂಲೆಗೆ?

ಆ ಅಷ್ಟು ಹಣವೂ ಎಲ್ಲರ ಕೈ ಸೇರುವುದಿಲ್ಲ. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದು, ಫ್ರೂಟ್ಸ್ ಸಂಖ್ಯೆ ಪಡೆದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದವರಿಗೆ. ತೀರಿಹೋದ ಅಜ್ಜನ ಹೆಸರಲ್ಲೇ ಪಹಣಿ ಉಳಿದಿದ್ದರೆ ಉಳುವ ಮೊಮ್ಮಗ ಲೆಕ್ಕಕ್ಕಿಲ್ಲ. ಕೋರಿಗೆ ಉಳುವವನ ಬೆವರಿಗೆ ದಾಖಲೆಯಿಲ್ಲ. ಮ್ಯಾಸಬೇಡರ ದೇವರ ಎತ್ತುಗಳಿಗೆ ಪಹಣಿಯೂ ಇಲ್ಲ, ಖಾತೆಯೂ ಇಲ್ಲ. ಅವುಗಳಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಮೇವು, ನೀರು. ಕಿಲಾರಿಗಳು ಅದಕ್ಕಾಗಿ ಯಾಕೆ ಅಂಗಲಾಚಬೇಕು?

ಗೆಳೆಯರೇ, ಇಲ್ಲಿ ನಿಮ್ಮ ಕೆಲಸವಿದೆ. ಕೈಯಲ್ಲಿರುವ ಮೊಬೈಲು ಬರೀ ಸಿನಿಮಾ ನೋಡಲಿಕ್ಕಲ್ಲ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಮನೆಯ ಪಹಣಿ ತೆಗೆದು ನೋಡಿ. ಅಜ್ಜನ ಹೆಸರಿದ್ದರೆ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಹಾಕಿ. ಎಲ್ಲ ಸರ್ವೆ ನಂಬರುಗಳೂ ಫ್ರೂಟ್ಸ್‌ನಲ್ಲಿ ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೆಳೆ ಸಮೀಕ್ಷೆಯಲ್ಲಿ ಶೇಂಗಾ ಇದ್ದ ಹೊಲ ಬೀಳು ಎಂದು ದಾಖಲಾಗಿದ್ದರೆ ಆಗಲೇ ತಕರಾರು ಸಲ್ಲಿಸಿ. ನಿಮ್ಮದಾದ ಮೇಲೆ ಪಕ್ಕದ ಮನೆಯ ವಿಧವೆ ತಾಯಿಯದನ್ನೂ ನೋಡಿ.

ಹಣ ಜಮೆಯಾಗದಿದ್ದರೆ ಕಾರಣವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿ. ಕನ್ನಡ ಆಡಳಿತ ಭಾಷೆಯೆಂದು ಕಾನೂನಾದದ್ದು 1963ರಲ್ಲಿ. ಬ್ಯಾಂಕಿನಿಂದ ಇಂಗ್ಲಿಷಿನಲ್ಲಿ ಬಂದ ಒಂದು ಸಾಲನ್ನು ಓದಿಸಿಕೊಳ್ಳಲು ರೈತ ಬೀದಿ ಬೀದಿ ಅಲೆಯುವುದಾದರೆ ಆ ಕಾನೂನು ಯಾರಿಗೆ? ಆಂಧ್ರದ ಗಡಿಗೆ ಅಂಟಿದ ಆ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು ಆಡುವ ಒಕ್ಕಲಿನವನೂ ಈ ನಾಡಿನ ಮಗನೇ. ಅವನ ಪರವಾಗಿಯೂ ಕೇಳಿ.

ನವೆಂಬರ್ ಒಂದರಂದು ಬಾವುಟ ಹಾರಿಸುವ ಕೈ ಒಂದು ಪಹಣಿಯನ್ನೂ ಸರಿಮಾಡಿಸಲಿ. ಬರ ಮತ್ತೆ ಬಂದೇ ಬರುತ್ತದೆ. ಅದು ಬರುವ ಮೊದಲೇ ನಮ್ಮವರ ಹೆಸರು ದಾಖಲೆಯಲ್ಲಿರಲಿ.

ಜೈ ಕರ್ನಾಟಕ!