ಸೈಕಲ್ ತುಳಿದು ಹೇಳಿದ ಥ್ಯಾಂಕ್ಸ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ. ಮಾತನಾಡಿದವರು 2004ರ ಎಸ್.ಎಸ್.ಎಲ್.ಸಿ. ಬ್ಯಾಚಿನವರು, ಬಿ.ಇ., ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸೈಕಲ್ ಪ್ರವಾಸದ ಬಗ್ಗೆ ಹತ್ತೇ ನಿಮಿಷ ಮಾತಾಡು ಎಂದು ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ. ಅವರ ಗಡಿಯಾರದ ಭಯ ನನಗೆ ಇನ್ನೂ ಹೋಗಿಲ್ಲ.

ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಷ್ಟರಲ್ಲಿ ನಾವು ಶಾಲೆ ಬಿಟ್ಟಾಗಿತ್ತು. ಅದಕ್ಕೇ ಇರಬೇಕು, ಕೆಲಸ ಸಿಕ್ಕಿದ ಮೇಲೆ ನಾನು ಮೊದಲು ಕೊಂಡದ್ದು ಸೈಕಲ್ಲೇ.

ನಮ್ಮಪ್ಪ ನಿಮಗೆಲ್ಲ ಗೊತ್ತು, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಎರಡು ವರ್ಷದ ಹಿಂದೆ ಅರಸೀಕೆರೆ ಕಡೆ ನೆಂಟರ ಮನೆಗೆ ಹೋದವರು, ಮೊಪೆಡ್‌ಗೆ ಎಮ್ಮೆ ಅಡ್ಡ ಬಂದು ಬಾಣಾವರದ ಹತ್ತಿರ ಬಿದ್ದರು. ತೊಡೆಯ ಮೂಳೆ ಮುರಿದು ರಕ್ತ ಹರಿಯುತ್ತಿತ್ತು. ಎಳನೀರು ತುಂಬಿಕೊಂಡು ಹೋಗುತ್ತಿದ್ದ ಲಗೇಜ್ ಆಟೋದವರೊಬ್ಬರು ನಿಲ್ಲಿಸಿ, ಹೆಗಲ ಮೇಲಿನ ಟವೆಲನ್ನು ಗಾಯಕ್ಕೆ ಒತ್ತಿ ಹಿಡಿದು, ಅಪ್ಪನ ಫೋನಿನಿಂದಲೇ 108ಕ್ಕೆ ಕರೆ ಮಾಡಿದರು. ನಾನು ಬೆಂಗಳೂರಿನಿಂದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ರಕ್ತ ಕೊಟ್ಟು ಮಲಗಿಸಿದ್ದರು. ಅಪ್ಪನನ್ನು ಉಳಿಸಿದ ಮೂವರೂ ಅಷ್ಟರಲ್ಲಿ ತಮ್ಮ ತಮ್ಮ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಒಂದು ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ.

ಅದನ್ನು ಹೇಳಿಬರಲೆಂದು ಹೋದ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ನಮ್ಮೂರಿಗೆ ಸೈಕಲ್ ತುಳಿದೆ. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು, ತರೀಕೆರೆ: ಹೆಚ್ಚುಕಡಿಮೆ 250 ಕಿಲೋಮೀಟರ್, ನಾಲ್ಕು ದಿನ. ಕಾರಿನಲ್ಲೇ ಹೋಗಬಹುದಿತ್ತಲ್ಲೋ ಎಂದು ಅಮ್ಮ ಕೇಳಿದರು. ಕಾರಿನಲ್ಲಿ ಹೋದರೆ ತನಿಖೆಗೆ ಬಂದವನು ಅಂದುಕೊಳ್ಳುತ್ತಾರಮ್ಮ, ಸೈಕಲ್‌ನವನಾದರೆ ಕುರ್ಚಿ ಹಾಕಿ ನೀರು ಕೊಡುತ್ತಾರೆ ಎಂದೆ. ಹಾಗೇ ಆಯಿತು.

ದಾರಿಯಲ್ಲಿ 108 ನಿಂತಲ್ಲಿ, ಅಗ್ನಿಶಾಮಕ ಠಾಣೆ ಕಂಡಲ್ಲಿ ಇಳಿದು, ಒಂದು ಪೊಟ್ಟಣ ಕಡಲೆಮಿಠಾಯಿ ಕೊಟ್ಟು ಥ್ಯಾಂಕ್ಸ್ ಹೇಳಿದೆ. ಮೊದಲು ಯಾರೂ ನಂಬಲಿಲ್ಲ. "ಏನು ಮಾರೋಕೆ ಬಂದಿದೀರಾ?" ಎಂದು ಒಬ್ಬರು ಕೇಳಿದರು. ಒಂದು ಠಾಣೆಯ ಹಿರಿಯರು, ತಾವು ಬೆಂಕಿ ಆರಿಸಿದ್ದಕ್ಕಿಂತ ಬಾವಿಗೆ ಬಿದ್ದವರನ್ನು ಎತ್ತಿದ್ದೇ ಹೆಚ್ಚಿರಬೇಕು ಎಂದರು. ಏಪ್ರಿಲ್ 14ರಂದು ಅಗ್ನಿಶಾಮಕ ಸೇವಾ ದಿನ ಮಾಡುತ್ತಾರಲ್ಲ, ಅದು 1944ರಲ್ಲಿ ಮುಂಬಯಿ ಬಂದರಿನ ಹಡಗಿನ ಸ್ಫೋಟದಲ್ಲಿ ತೀರಿಹೋದ ಸಿಬ್ಬಂದಿಯ ನೆನಪಿಗೆ ಎಂದು ನನಗೆ ತಿಳಿಸಿದವರೂ ಅವರೇ.

ನಮ್ಮ ರಾಜ್ಯದಲ್ಲಿ 108 ಶುರುವಾದದ್ದು 2008ರ ನವೆಂಬರ್ 1ರಂದು, 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ. ಗಾಡಿಯಲ್ಲಿ ಇಬ್ಬರೇ ಇರುತ್ತಾರೆ. ಓಡಿಸುವವರನ್ನು ಪೈಲಟ್ ಅನ್ನುತ್ತಾರೆ, ಹಿಂದೆ ರೋಗಿಯನ್ನು ನೋಡಿಕೊಳ್ಳುವವರು ಇ.ಎಂ.ಟಿ. ಅಪ್ಪನನ್ನು ಕರೆದೊಯ್ದಿದ್ದ ಇಬ್ಬರೂ ಸಿಕ್ಕಿದರು. ಪೈಲಟ್ ಹೇಳಿದ ಮಾತು ಇದು: "ಸಾರ್, ಆಸ್ಪತ್ರೆ ಬಾಗಿಲಲ್ಲಿ ಇಳಿಸಿದ ಮೇಲೆ ಬದುಕಿದರಾ ಇಲ್ಲವಾ ಅಂತ ನಮಗೆ ಗೊತ್ತೇ ಆಗಲ್ಲ. ಅಷ್ಟರಲ್ಲಿ ಇನ್ನೊಂದು ಕೇಸ್ ಬಂದಿರುತ್ತೆ." ಇ.ಎಂ.ಟಿ. ಆಗಿದ್ದ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, "ತಂದೆಯವರು ಈಗ ನಡೀತಾರಾ?" ಫೋನಿನಲ್ಲಿ ವಿಡಿಯೋ ತೋರಿಸಿದೆ. ಅಪ್ಪ ಕೋಲು ಹಿಡಿದು ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ಅವರು ಅದನ್ನು ಎರಡು ಸಲ ನೋಡಿದರು.

ಲಗೇಜ್ ಆಟೋದವರನ್ನು ಹುಡುಕಲು ಅರ್ಧ ದಿನ ಹೋಯಿತು. ಎಳನೀರು ಮಾರುವವರನ್ನೆಲ್ಲ ಕೇಳಿ ಕೇಳಿ ಕೊನೆಗೆ ಮನೆ ಪತ್ತೆಯಾದರೆ, ಅವರು "ನಾನಲ್ಲ ಸ್ವಾಮಿ, ಆವತ್ತು ನಾನು ಊರಲ್ಲೇ ಇರಲಿಲ್ಲ" ಎಂದುಬಿಟ್ಟರು. ಸಾಕ್ಷಿ ಹೇಳಲು ಕೋರ್ಟಿಗೆ ಕರೆಯಲು ಬಂದಿದ್ದಾನೆ ಎಂಬ ಭಯ. ಅಪ್ಪನಿಗೆ ಫೋನ್ ಹಚ್ಚಿ ಕೊಟ್ಟೆ. ದನಿ ಕೇಳಿದ್ದೇ, "ಯಜಮಾನ್ರೇ, ಚೆನ್ನಾಗಿದೀರಾ?" ಎಂದು ಅಲ್ಲೇ ಜಗಲಿಯ ಮೇಲೆ ಕೂತರು.

ಇಂಥವರಿಗಾಗಿಯೇ ಕಾನೂನು ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ, ಅಪಘಾತವಾದವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕು ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಇದನ್ನು ಹೇಳಿದಾಗ ಅವರು, "ಆವತ್ತು ಇದೆಲ್ಲ ಗೊತ್ತಿರಲಿಲ್ಲ, ಹೆದರಿಕೊಂಡೇ ನಿಲ್ಲಿಸಿದ್ದು" ಎಂದರು. ಕಾಸು ಮುಟ್ಟಲಿಲ್ಲ. ಬದಲಿಗೆ ಎರಡು ಎಳನೀರು ಕೊಚ್ಚಿ ಕೊಟ್ಟರು.

ನಮ್ಮ ಊರಿಗೆ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕು ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಷ್ಟು ಹೊತ್ತು ರೋಗಿಯ ಪಕ್ಕದಲ್ಲಿ ಇರುವವರು ನಾವೇ. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್‌ನಷ್ಟು ಆಳಕ್ಕೆ ಒತ್ತಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಒಂಬತ್ತನೇ ತರಗತಿಯ ಹುಡುಗಿಯೂ ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲಳು.

ಅದಕ್ಕೆ ನಮ್ಮ ಬ್ಯಾಚಿನವರು ದುಡ್ಡು ಕೂಡಿಸಿ, ಎದೆ ಒತ್ತುವುದನ್ನು ಕಲಿಯುವ ಎರಡು ಗೊಂಬೆಗಳನ್ನು ತಂದಿದ್ದೇವೆ. ವಿಜ್ಞಾನದ ಕೊಠಡಿಯಲ್ಲಿ ಇಟ್ಟಿದೆ, ಬೀಗದ ಕೈ ಪಿ.ಟಿ. ಮೇಷ್ಟ್ರ ಹತ್ತಿರ ಇದೆ. ಬರುವ ತಿಂಗಳ ಎರಡನೇ ಶನಿವಾರ ಆ ಇ.ಎಂ.ಟಿ. ಅಕ್ಕ ತಮ್ಮ ರಜೆಯ ದಿನ ಬಂದು ಕಲಿಸಲು ಒಪ್ಪಿದ್ದಾರೆ. ಮಕ್ಕಳಿಗೆ ಬೆಳಿಗ್ಗೆ, ಊರಿನವರಿಗೆ ಮಧ್ಯಾಹ್ನ ಮೂರಕ್ಕೆ. ಅಪ್ಪ ಈಗಲೇ ಹೆಸರು ಬರೆಸಿದ್ದಾರೆ.