ರೊಟ್ಟಿ ಬಡಿಯುವ ಹೊತ್ತಿನ ಪ್ರಾರ್ಥನೆ



ಈ ಹೊತ್ತಿನಲ್ಲಿ ವಿಜಯಪುರದ ಎಷ್ಟೋ ಅಡುಗೆಮನೆಗಳಲ್ಲಿ ರೇಡಿಯೋದ ದನಿಯ ಜೊತೆಗೆ ರೊಟ್ಟಿ ಬಡಿಯುವ ಸಪ್ಪಳವೂ ಇರುತ್ತದೆ. ಒಂದು ಕಣ್ಣು ಹಂಚಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ಮಕ್ಕಳ ಬುತ್ತಿ ಕಟ್ಟಬೇಕು, ಶಾಲೆಯ ಗಾಡಿ ಬರುವುದರೊಳಗೆ ಜಡೆ ಹಾಕಬೇಕು. ಟಿಕೋಟಾ ಕಡೆಯವರಾದರೆ, ದ್ರಾಕ್ಷಿ ತೋಟಕ್ಕೆ ಆಳು ಕರೆದೊಯ್ಯುವ ಟಂಟಂ ಓಣಿಯ ತುದಿಗೆ ಬಂದು ಹಾರ್ನ್ ಹೊಡೆಯುವ ಮೊದಲು ಎಲ್ಲ ಮುಗಿಯಬೇಕು. ಇಂಥ ತಾಯಿ ಕ್ರೈಸ್ತಳಾಗಿದ್ದರೆ ಭಾನುವಾರದ ಆರಾಧನೆಯಲ್ಲಿ ಒಂದು ಮಾತು ಅವಳ ಕಿವಿಗೆ ಬೀಳುತ್ತಲೇ ಇರುತ್ತದೆ: ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಿ, ಮನೆಯಲ್ಲಿ ಕುಟುಂಬ ಪ್ರಾರ್ಥನೆ ನಡೆಸಿ, ಸತ್ಯವೇದ ಓದಿಸಿ. ಅವಳು ಹೂಂ ಅನ್ನುತ್ತಾಳೆ. ಮನೆಗೆ ಬಂದಮೇಲೆ ತನ್ನನ್ನೇ ಕೇಳಿಕೊಳ್ಳುತ್ತಾಳೆ, ಯಾವಾಗ?

ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹ ಪ್ರಕಟಿಸಿದಾಗ ನಾಡಿಗೆ ಗೊತ್ತಾಯಿತು, ಬೀಸುಕಲ್ಲಿನ ಮುಂದೆ ಕೂತ ಅಕ್ಷರ ಬಾರದ ಹೆಂಗಸರ ಬಾಯಲ್ಲಿ ಎಷ್ಟು ದೇವರು, ಎಷ್ಟು ನೀತಿ, ಎಷ್ಟು ತವರಿನ ಪ್ರೀತಿ ಇದೆ ಅಂತ. ಅದಕ್ಕೂ ಹಿಂದೆ, ಆದಿಲಶಾಹಿ ಕಾಲದ ವಿಜಯಪುರದ ಸೂಫಿ ಪರಂಪರೆಯವರು ದಖನಿ ಭಾಷೆಯಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಪುಟ್ಟ ಪದ್ಯಗಳನ್ನು ಕಟ್ಟಿದ್ದರು. ಇತಿಹಾಸಕಾರ ರಿಚರ್ಡ್ ಈಟನ್ ಇವುಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ದೊಡ್ಡ ದೊಡ್ಡ ಗ್ರಂಥಗಳು ಖಾನಕಾ ಎಂಬ ಸೂಫಿ ಮಠಗಳಲ್ಲಿ ಉಳಿದವು. ಈ ಪದ್ಯಗಳು ಮಾತ್ರ ಬೀಸುವ, ನೂಲುವ ಹೆಂಗಸರ ಬಾಯಿಗೆ ಬಂದು, ಮಡಿಲಲ್ಲಿದ್ದ ಕೂಸಿನ ಕಿವಿಗೆ ಇಳಿದವು. ಅಂದರೆ ಲಿಂಗಾಯತರ ಮನೆಯಾಗಲಿ, ಮುಸಲ್ಮಾನರ ಮನೆಯಾಗಲಿ, ಈ ನೆಲದಲ್ಲಿ ಭಕ್ತಿ ಮಕ್ಕಳನ್ನು ಮುಟ್ಟಿದ್ದು ಬಿಡುವಿದ್ದವರಿಂದಲ್ಲ, ಕೈತುಂಬ ಕೆಲಸವಿದ್ದವರಿಂದ.

ಕ್ರೈಸ್ತ ಮನೆಗೆ ಇದು ಹೊರಗಿನ ಪಾಠವೇನಲ್ಲ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ತೆಗೆದು ನೋಡಿ. ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕೆಂದು ಮೋಶೆ ಪಟ್ಟಿ ಕೊಡುತ್ತಾನೆ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ. ಆ ಪಟ್ಟಿಯಲ್ಲಿ ಪ್ರತ್ಯೇಕ ಕೋಣೆ ಇಲ್ಲ, ಪ್ರತ್ಯೇಕ ಗಂಟೆಯೂ ಇಲ್ಲ. ಇವೆಲ್ಲ ಪ್ರತಿ ಮನೆಯಲ್ಲೂ ದಿನಾ ನಡೆದೇ ನಡೆಯುವ ಸಂಗತಿಗಳು.

ಈ ವಿಷಯ ಬಂದಾಗಲೆಲ್ಲ ಸಭೆಗಳಲ್ಲಿ ಇಂಗ್ಲೆಂಡಿನ ಸುಸಾನಾ ವೆಸ್ಲಿಯ ಹೆಸರು ಕೇಳಿಬರುತ್ತದೆ. ಹತ್ತೊಂಬತ್ತು ಮಕ್ಕಳನ್ನು ಹೆತ್ತವರು, ಬದುಕುಳಿದ ಒಬ್ಬೊಬ್ಬರಿಗೂ ವಾರದಲ್ಲಿ ಒಂದು ಹೊತ್ತು ಮೀಸಲಿಟ್ಟವರು. ಗುರುವಾರದ ಸಂಜೆ ಮಗ ಜಾನ್ ವೆಸ್ಲಿಯ ಪಾಲಿನದು. ದೊಡ್ಡ ತಾಯಿ, ನಿಜ. ಆದರೆ ಆ ಮನೆಯಲ್ಲಿ ಕೆಲಸದವರೂ ಇದ್ದರು ಅನ್ನುವುದನ್ನು ಹೇಳುವವರು ಕಡಿಮೆ. ನನಗೆ ಹತ್ತಿರವಾಗುವವಳು ಇನ್ನೊಬ್ಬ ತಾಯಿ. ಅವಳು ಕ್ರೈಸ್ತಳೂ ಅಲ್ಲ.

ಅವಳ ಹೆಸರು ಲಕ್ಷ್ಮೀಬಾಯಿ ಡೋಂಗ್ರೆ. ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಅವಳ ಸಂಸಾರ. ಗಂಡ ಅನಂತಶಾಸ್ತ್ರಿ ಊರವರ ವಿರೋಧ ಕಟ್ಟಿಕೊಂಡು ಅವಳಿಗೆ ಸಂಸ್ಕೃತ ಕಲಿಸಿದ್ದ. ಮನೆತುಂಬ ವಿದ್ಯಾರ್ಥಿಗಳು, ಬಂದುಹೋಗುವ ಯಾತ್ರಿಕರು, ಮುಗಿಯದ ಅಡುಗೆ. ಅಲ್ಲಿ 1858ರಲ್ಲಿ ಹುಟ್ಟಿದ ಕಿರಿಯ ಮಗಳಿಗೆ ಪಾಠ ಹೇಳಲು ತಾಯಿಗೆ ಸಿಗುತ್ತಿದ್ದದ್ದು ನಸುಕಿನ ಹೊತ್ತು ಮಾತ್ರವಂತೆ. ಮಲಗಿದ್ದ ಹುಡುಗಿಯನ್ನು ಮುದ್ದಿಸಿ ಎಬ್ಬಿಸುತ್ತಿದ್ದಳಂತೆ. ಪುಸ್ತಕವಿಲ್ಲ, ತಾಯಿ ಹೇಳಿದ್ದನ್ನು ಮಗಳು ತಿರುಗಿ ಹೇಳಬೇಕು. ಹಕ್ಕಿಗಳು ಕೂಗುವ ಹೊತ್ತಿನಲ್ಲಿ ಪಾಠ ನಡೆಯುತ್ತಿತ್ತು. ಆ ಹುಡುಗಿಯೇ ಪಂಡಿತಾ ರಮಾಬಾಯಿ.

ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ಮಗಳು ಮನೋರಮಾಳೊಂದಿಗೆ ದೀಕ್ಷಾಸ್ನಾನ ಪಡೆದರು. ಮಗಳಿಗೆ ಆಗ ಎರಡು ವರ್ಷ. ಗಂಡ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಇನ್ನು ಅವರಿಗಿಂತ ಪುರುಸೊತ್ತಿಲ್ಲದ ತಾಯಿಯನ್ನು ಎಲ್ಲಿ ಹುಡುಕೋಣ? ಓದು, ಉಪನ್ಯಾಸ, ಅಮೆರಿಕದ ಪ್ರವಾಸ, 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ, ಆಮೇಲೆ ಪುಣೆ–ಸೊಲ್ಲಾಪುರ ರೈಲುಮಾರ್ಗದ ಕೇಡಗಾಂವದಲ್ಲಿ ಮುಕ್ತಿ ಮಿಷನ್. ಮಗಳನ್ನು ದೂರದಲ್ಲಿ ಬಿಟ್ಟಿರಬೇಕಾದ ಕಾಲವೂ ಬಂತು. ಆದರೆ ಒಂದು ವಿಷಯದಲ್ಲಿ ಅವರು ಜಗ್ಗಲಿಲ್ಲ. ಮಗಳ ಧರ್ಮಶಿಕ್ಷಣ ಹೇಗಿರಬೇಕು ಎಂಬುದನ್ನು ತಾಯಿಯಾದ ತಾನೇ ತೀರ್ಮಾನಿಸಬೇಕು ಅಂತ ವಾಂಟೇಜ್ ಮಠದ ಸಿಸ್ಟರ್ ಜೆರಾಲ್ಡಿನ್ ಅವರೊಂದಿಗೆ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ತನಗೆ ಆಶ್ರಯ ಕೊಟ್ಟ, ವಿಶ್ವಾಸ ಕಲಿಸಿದ ಹಿರಿಯಳೊಂದಿಗೇ ವಾದ! ಇಂದು ಮಗುವಿನ ವಿಶ್ವಾಸವನ್ನು ಸಂಡೇ ಸ್ಕೂಲಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ನಾವು ಆ ಪತ್ರವ್ಯವಹಾರವನ್ನು ಒಮ್ಮೆ ಓದಬೇಕು. ಮನೋರಮಾ ಬೆಳೆದು ತಾಯಿಯ ಹೆಗಲಿಗೆ ಹೆಗಲಾದರು. 1910ರ ದಶಕದಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿ ತಾಯಿ ಆರಂಭಿಸಿದ ಶಾಲೆಯನ್ನು ನಡೆಸಿದರು. ನಸುಕಿನಲ್ಲಿ ಕಲಿಸಿದ ಆ ಅಜ್ಜಿಯ ಅಭ್ಯಾಸ ಧರ್ಮ ಬದಲಾದರೂ ಮೊಮ್ಮಗಳವರೆಗೆ ಬಂದಿತ್ತು ಅಂತಲೇ ನಾನು ತಿಳಿಯುತ್ತೇನೆ.

ಇನ್ನು ನಮ್ಮ ಊರಿಗೆ ಬರೋಣ. 1885ರಲ್ಲಿ ಬಾಸೆಲ್ ಮಿಷನ್ ಇಲ್ಲಿ ನೆಲೆಯೂರಿತು. ಇಂದಿಗೂ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಬಹಳ ಚಿಕ್ಕದು. ಮಗುವಿನ ತರಗತಿಯಲ್ಲಿ ಅದೊಂದೇ ಕ್ರೈಸ್ತ ಮಗು ಆಗಿರಬಹುದು. ಗೆಳತಿಯರು ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಹೊರಟಾಗ, ರಂಜಾನಿಗೆ ಶಿರಖುರ್ಮಾ ತಂದುಕೊಟ್ಟಾಗ ಅದು ಮನೆಗೆ ಬಂದು ಕೇಳುತ್ತದೆ: “ಯವ್ವಾ, ನಾವ್ಯಾಕ ಬ್ಯಾರೆ?” ಈ ಪ್ರಶ್ನೆಗೆ ಗದರಿಕೆ ಉತ್ತರವಲ್ಲ. ನೆರೆಯವರ ದೇವರನ್ನು ಹೀಯಾಳಿಸುವುದಂತೂ ಅಲ್ಲವೇ ಅಲ್ಲ. ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ದೇಶ್ವರ ಸ್ವಾಮಿಗಳು ಬದುಕಿಡೀ ಯಾರನ್ನೂ ನೋಯಿಸದ ಮಾತಿನಲ್ಲಿ ಪ್ರವಚನ ಮಾಡಿದ ಊರು ಇದು. ನಮ್ಮ ಮಗು ಯೇಸುವನ್ನು ಪ್ರೀತಿಸಲು ಕಲಿಯಲಿ. ಅದಕ್ಕಾಗಿ ಯಾರನ್ನೂ ಕಡಿಮೆ ಅನ್ನಬೇಕಾಗಿಲ್ಲ.

ಪೌಲನ ಶಿಷ್ಯ ತಿಮೊಥೆಯದ್ದೂ ಇಂಥದೇ ಮನೆ. ಲುಸ್ತ್ರದಂಥ ಅನ್ಯಜನರ ಊರು, ತಂದೆ ಗ್ರೀಕ. ವಿಶ್ವಾಸ ಬಂದದ್ದು ಅಜ್ಜಿ ಲೋವಿಯಿಂದ, ತಾಯಿ ಯೂನೀಕೆಯಿಂದ. ಆ ಇಬ್ಬರು ಹೆಂಗಸರು ಏನು ಹೇಳಿದರು, ಹೇಗೆ ಹೇಳಿದರು ಅನ್ನುವುದನ್ನು ಪೌಲ ಬರೆಯಲಿಲ್ಲ. ಅವರ ಹೆಸರನ್ನಷ್ಟೇ ಬರೆದ.

ಟಿಕೋಟಾ, ಬಬಲೇಶ್ವರ ಸೀಮೆಯ ತಾಯಂದಿರಿಗೆ ಇರುವ ಒಂದು ಅನುಕೂಲ ಹೇಳುತ್ತೇನೆ. ಸತ್ಯವೇದದ ತುಂಬ ದ್ರಾಕ್ಷಿ ತೋಟ. ಮಲೆನಾಡಿನ ಮಗುವಿಗೆ, ಕರಾವಳಿಯ ಮಗುವಿಗೆ ಆ ಕತೆ ಹೇಳಬೇಕಾದರೆ ಚಿತ್ರ ತೋರಿಸಬೇಕು. ನಮ್ಮ ಮಗುವಿಗೆ ಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿಯ ಚಾಟ್ನಿ ಆಗುವುದನ್ನು ಅದು ಕಂಡಿದೆ. ಹಸಿರಾಗಿದ್ದ ಬಳ್ಳಿಯನ್ನು ಕತ್ತರಿ ಹಿಡಿದು ಬೋಳು ಮಾಡಿದಾಗ “ಪಾಪ” ಅಂದಿದೆ. ಚಾಟ್ನಿ ಮಾಡದ ಬಳ್ಳಿಗೆ ಎಲೆ ಬರುತ್ತದೆ, ಗೊನೆ ಬರುವುದಿಲ್ಲ ಅನ್ನುವುದನ್ನು ಅದಕ್ಕೆ ಅಜ್ಜನೇ ಹೇಳಿರುತ್ತಾನೆ. ಬಳ್ಳಿ ಸವರುವ ಮಾತು ಬರುವ ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯಕ್ಕೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕೆ? ಫೆಬ್ರುವರಿ, ಮಾರ್ಚ್ ಬಂದರೆ ಹಣ್ಣು ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಗಡಿಬಿಡಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲವೂ ಬಹುಪಾಲು ಆಗಲೇ ಬರುತ್ತದೆ. ಸಂಜೆಯ ಆರಾಧನೆಗೆ ಹೋಗಲು ಆಗಲಿಲ್ಲ ಅಂತ ಶೆಡ್ಡಿನಲ್ಲಿ ಕೆಲಸ ಮಾಡುವ ತಾಯಿ ಕೊರಗುತ್ತಾಳೆ. ಕೊರಗುವುದು ಬೇಡ. ಮನೆಗೆ ನಡೆದು ಬರುವ ದಾರಿಯಲ್ಲಿ ಮಗುವಿಗೆ ಯೇಸು ಹೇಳಿದ ದ್ರಾಕ್ಷಿ ತೋಟದ ಕೂಲಿಗಳ ಕತೆ ಹೇಳಿದರೆ ಸಾಕು. ಮುಂಜಾನೆ ಬಂದವರಿಗೂ ಹೊತ್ತು ಮುಳುಗುವ ಮುಂಚೆ ಒಂದೇ ತಾಸು ದುಡಿದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ ಕತೆ. ಕೂಲಿಯವರ ಮಗು ತಕ್ಷಣ ಕೇಳುತ್ತದೆ: “ಇದು ನ್ಯಾಯ ಅಲ್ಲ, ಹೌದಲ್ಲವಾ?” ಕೇಳಲಿ. ಆ ಕತೆಯಲ್ಲಿ ಇಡೀ ದಿನ ದುಡಿದವರೂ ಅದನ್ನೇ ಕೇಳಿದ್ದರು. ಸಂಜೆಯವರೆಗೆ ಯಾರೂ ಕೆಲಸಕ್ಕೆ ಕರೆಯದೆ ಕೂತವನ ಮನೆಯಲ್ಲೂ ಮಕ್ಕಳಿದ್ದರಲ್ಲ ಅಂತ ತಾಯಿ ಒಂದು ಮಾತು ಸೇರಿಸಿ ಸುಮ್ಮನಾಗಬಹುದು. ಉಳಿದದ್ದನ್ನು ಮಗು ತಾನೇ ಯೋಚಿಸುತ್ತದೆ. ಬಾಯಿಪಾಠ ಒಪ್ಪಿಸಿ ಬಹುಮಾನದ ಪೆನ್ನು ತಂದ ಮಗುವಿಗಿಂತ ಹೀಗೆ ಜಗಳ ತೆಗೆದ ಮಗುವಿನಲ್ಲಿ ವಿಶ್ವಾಸ ಆಳಕ್ಕೆ ಹೋಗುತ್ತದೆ ಅನ್ನುವುದು ನನ್ನ ಅನಿಸಿಕೆ. ಬಾಯಿಪಾಠ ಬೇಡ ಅನ್ನುತ್ತಿಲ್ಲ, ಕರ್ತನ ಪ್ರಾರ್ಥನೆ ನಾಲಿಗೆಯ ಮೇಲಿರಲೇಬೇಕು.

ಮೊಬೈಲಿನಲ್ಲಿ ಬೈಬಲ್ ಕತೆಗಳ ಕಾರ್ಟೂನು ಹಾಕಿಕೊಟ್ಟರೆ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಮ್ಮೊಮ್ಮೆ ಆದೀತು. ಆದರೆ ಕಾರ್ಟೂನಿನ ದಾವೀದನಿಗೆ ನಿಮ್ಮ ಮಗುವಿನ ಹೆಸರು ಗೊತ್ತಿಲ್ಲ. ನಿನ್ನೆ ಗೆಳೆಯನೊಂದಿಗೆ ಅದು ಜಗಳಾಡಿದ್ದೂ ಗೊತ್ತಿಲ್ಲ. ರಾತ್ರಿ ಮಲಗುವಾಗ ತಲೆ ನೇವರಿಸಿ ಆ ಗೆಳೆಯನ ಹೆಸರು ಹೇಳಿ ಪ್ರಾರ್ಥಿಸುವವಳು ತಾಯಿ. ಅದಕ್ಕೆ ಎರಡು ನಿಮಿಷ ಸಾಕು. ಕ್ಯಾಥೊಲಿಕ್ ಮನೆಯಲ್ಲಿ ಜಪಸರದ ಐದೂ ರಹಸ್ಯ ಮುಗಿಸಲಾಗದ ದಿನ ಒಂದೇ ರಹಸ್ಯ ಹೇಳಿ ಮಲಗಿದರೆ ಆಕಾಶವೇನೂ ಕಳಚಿ ಬೀಳದು. ಇನ್ನೊಂದು ಮಾತು: ಬೆಳಿಗ್ಗೆ ಸಿಟ್ಟಿಗೆದ್ದು ಮಗುವಿಗೆ ಬೈದ ತಾಯಿ ಸಂಜೆ ಅದರ ಮುಂದೆಯೇ ಕ್ಷಮೆ ಕೇಳಿದರೆ, ಕ್ಷಮೆಯ ಬಗ್ಗೆ ಬೇರೆ ಪಾಠ ಹೇಳಬೇಕಾಗಿಲ್ಲ.

ಇಷ್ಟೆಲ್ಲವನ್ನೂ ತಾಯಿಗೇ ಯಾಕೆ ಹೇಳುತ್ತೀರಿ ಅಂತ ನೀವು ಕೇಳಬೇಕು. ಮೋಶೆ ತಂದೆಯರಿಗೂ ಹೇಳಿದ್ದ. ಆದರೂ ಮಗು ತಪ್ಪು ಹಾದಿ ಹಿಡಿದರೆ ಸಭೆಯವರು ಮೊದಲು ತಿರುಗಿ ನೋಡುವುದು ತಾಯಿಯ ಕಡೆಗೆ. ಇದು ಅನ್ಯಾಯ. ಆದ್ದರಿಂದ ಈ ಮಾತು ಕೇಳುತ್ತ ಚಹಾ ಕುಡಿಯುತ್ತಿರುವ ಅಪ್ಪಂದಿರಲ್ಲಿ ಒಂದು ವಿನಂತಿ: ನಾಳೆ ಮುಂಜಾನೆ ಮಕ್ಕಳ ಬುತ್ತಿಯನ್ನು ನೀವು ಕಟ್ಟಿ. ರಾತ್ರಿ ಪ್ರಾರ್ಥನೆಗೆ ಮಕ್ಕಳ ಪಕ್ಕದಲ್ಲಿ ನೀವೂ ಕೂತುಕೊಳ್ಳಿ.